ಸೆನ್ಸರ್ ಬದಲಿಸುವ ಮೊದಲು ವೈರು ನೋಡಿ

ಪ್ರಶ್ನೆ: ಮನೆಯಲ್ಲಿ 3018 ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮಷಿನ್) ಇದೆ. ಆರ್ಡುಯಿನೊ ಉನೊ ಕಂಟ್ರೋಲ್ ಬೋರ್ಡು, ಮೇಲೆ ಮೋಟರು ಜೋಡಿಸುವ ಶೀಲ್ಡು ಬೋರ್ಡು, ಒಳಗೆ ಮಷಿನ್ ನಡೆಸುವ ಜಿಆರ್‌ಬಿಎಲ್ 1.1 ತಂತ್ರಾಂಶ. ಬಿಟ್ಟಿನ (ಕೆತ್ತುವ ಉಳಿಯ) ಉದ್ದ ಅಳೆಯುವ ಸೆನ್ಸರನ್ನು ಎ5 ಪಿನ್ನಿಗೆ ಜೋಡಿಸಿದ್ದೇನೆ. ಒಮ್ಮೊಮ್ಮೆ ಬಿಟ್ಟು ಸೆನ್ಸರ್ ಮುಟ್ಟುವ ಮೊದಲೇ ಮೇಲೆಯೇ ನಿಲ್ಲುತ್ತದೆ. ಇನ್ನೊಮ್ಮೆ ಮುಟ್ಟಿದರೂ ನಿಲ್ಲದೆ ಒತ್ತುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಕಾಟ ಹೆಚ್ಚು. ಹೊಸ ಸೆನ್ಸರ್ ತರಬೇಕೆ?
– ಟಿಳಕವಾಡಿ, ಬೆಳಗಾವಿಯ ಓದುಗರು

ಉತ್ತರ: ಈಗಲೇ ತರಬೇಡಿ. ನೀವು ಹೇಳಿದ್ದು ಎರಡು ಬೇರೆ ಬೇರೆ ದೋಷ. ಮುಟ್ಟದೆ ನಿಂತರೆ ಎಲ್ಲಿಂದಲೋ ಸುಳ್ಳು ಸಿಗ್ನಲ್ ನುಗ್ಗಿದೆ. ಮುಟ್ಟಿದರೂ ನಿಲ್ಲದಿದ್ದರೆ ಸಿಗ್ನಲ್ ದಾರಿ ಎಲ್ಲೋ ಕಡಿದಿದೆ. ಒಂದೇ ಸೆನ್ಸರು ಎರಡೂ ಆಟ ಆಡುತ್ತಿದೆ ಎಂದರೆ ಮೊದಲ ಅನುಮಾನ ವೈರಿನ ಮೇಲೆ.

ಮಷಿನ್ನಿನ ಕರೆಂಟ್ ತೆಗೆದು ಸೆನ್ಸರಿನ ಪ್ಲಗ್ಗನ್ನು ಬೋರ್ಡಿನಿಂದ ಕಳಚಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಸೆನ್ಸರಿನ ಬುಡದಲ್ಲಲ್ಲ, ಪ್ಲಗ್ಗಿನ ತುದಿಯಲ್ಲೇ ಅಳೆಯಿರಿ. ಸಾಮಾನ್ಯ ಎನ್‌ಒ (ಒತ್ತಿದಾಗ ಮಾತ್ರ ಸಂಪರ್ಕ ಕೂಡುವ) ಸೆನ್ಸರಾದರೆ ಒತ್ತಿದಾಗ ಒಂದೆರಡು ಓಮ್ ಬರಬೇಕು, ಕೈ ಬಿಟ್ಟಾಗ ಸಂಪರ್ಕವೇ ಇರಬಾರದು. ಒತ್ತಿ ಹಿಡಿದುಕೊಂಡೇ ವೈರನ್ನು ಉದ್ದಕ್ಕೂ ಅಲುಗಾಡಿಸಿ. ಸೆನ್ಸರಿನಿಂದ ವೈರು ಹೊರಬರುವ ಜಾಗ, ಪ್ಲಗ್ಗಿನ ಕ್ರಿಂಪ್ (ವೈರನ್ನು ಒತ್ತಿ ಹಿಡಿದ ಲೋಹದ ತುದಿ), ಪದೇ ಪದೇ ಮಡಚುವ ತಿರುವು, ಈ ಮೂರು ಕಡೆಯೇ ಒಳಗಿನ ತಾಮ್ರ ತುಂಡಾಗುವುದು. ಮೇಲಿನ ಪ್ಲಾಸ್ಟಿಕ್ ನೆಟ್ಟಗಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಮೀಟರಿನ ಅಂಕಿ ಜಿಗಿದಾಡಿದರೆ ಅಲ್ಲೇ ಕತ್ತರಿಸಿ ಹೊಸದಾಗಿ ಬೆಸೆಯಿರಿ.

ವೈರು ಸರಿಯಿದ್ದರೆ ಬೋರ್ಡು ನೋಡಿ. ಮಷಿನ್ ಆನ್ ಮಾಡಿ, ಶೀಲ್ಡಿನ ಎ5 ಮತ್ತು ಗ್ರೌಂಡ್ ಪಿನ್ನುಗಳನ್ನು ತುಂಡು ವೈರಿನಿಂದ ಕೂಡಿಸಿ, ಕಂಪ್ಯೂಟರಿನಿಂದ ಮಷಿನ್ನಿಗೆ ಆದೇಶ ಕೊಡುವ ಕನ್ಸೋಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ (?) ಕಳಿಸಿ. (ಶೀಲ್ಡಿನ ಮೇಲೆ ಎಸ್‌ಸಿಎಲ್ ಎಂದು ಬರೆದಿದ್ದರೆ ಅದೇ ಎ5.) ಉತ್ತರದಲ್ಲಿ ‘ಪಿಎನ್’ (Pn) ಆದ ಮೇಲೆ ‘ಪಿ’ (P) ಬಂದರೆ ಬೋರ್ಡು ಕೆಟ್ಟಿಲ್ಲ. ಏನೂ ಕೂಡಿಸದೆಯೇ ‘ಪಿ’ ಬಂದರೆ $6 ಸೆಟ್ಟಿಂಗ್ ತಿರುಗಿದೆ: ಎನ್‌ಒ ಸೆನ್ಸರಿಗೆ 0, ಎನ್‌ಸಿ (ಒತ್ತಿದಾಗ ಸಂಪರ್ಕ ಕಡಿಯುವ) ಸೆನ್ಸರಿಗೆ 1. ಅಲಾರ್ಮ್ ಸಂಖ್ಯೆಯೂ ದಾರಿ ತೋರಿಸುತ್ತದೆ. 4 ಬಂದರೆ ಅಳತೆ ಶುರುವಾಗುವ ಮೊದಲೇ ಸೆನ್ಸರ್ ಒತ್ತಿದಂತೆ ಕಾಣುತ್ತಿದೆ. 5 ಬಂದರೆ ಹೇಳಿದಷ್ಟು ದೂರ ಇಳಿದರೂ ಸಿಗ್ನಲ್ ಸಿಗಲಿಲ್ಲ.

ಇನ್ನು ಮೇಲೆಯೇ ನಿಲ್ಲುವ ಕಾಟ. ಎ5 ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿಯುವುದು ಚಿಪ್ಪಿನೊಳಗಿನ 20ರಿಂದ 50 ಕಿಲೋ ಓಮ್ ರೆಸಿಸ್ಟರ್ ಮಾತ್ರ. ಬಲು ದುರ್ಬಲ ಹಿಡಿತ ಅದು. ಪಕ್ಕದಲ್ಲೇ ಸ್ಟೆಪ್ಪರ್ ಮೋಟರಿನ ವೈರು ಹೋಗಿದ್ದರೆ ಸೆನ್ಸರಿನ ವೈರು ಆಂಟೆನಾದಂತೆ ಗದ್ದಲ ಎಳೆದುಕೊಳ್ಳುತ್ತದೆ. ಎ5 ಮತ್ತು 5 ವೋಲ್ಟಿನ ನಡುವೆ 1 ಕಿಲೋ ಓಮ್ ರೆಸಿಸ್ಟರ್, ಎ5 ಮತ್ತು ಗ್ರೌಂಡಿನ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ, ಎರಡೂ ಬೋರ್ಡಿನ ಹತ್ತಿರವೇ ಇರಲಿ. ಅಳತೆ ತಡವಾಗುತ್ತದೆ ಎಂಬ ಹೆದರಿಕೆ ಬೇಡ: ವಿಳಂಬ ಹೆಚ್ಚೆಂದರೆ 0.1 ಮಿಲಿಸೆಕೆಂಡ್ ಆಸುಪಾಸು, ನಿಮಿಷಕ್ಕೆ 100 ಮಿ.ಮೀ. ವೇಗದಲ್ಲಿ ಅದು 0.0002 ಮಿ.ಮೀ. ಕೂಡ ಆಗದು. ಮಳೆಗಾಲದ ತೊಂದರೆಗೂ ಇದೇ ರೆಸಿಸ್ಟರ್ ಮದ್ದು. ಥಂಡಿಗೆ ಸಂಪರ್ಕದ ಮೇಲೆ ಕಟ್ಟುವ ತೆಳು ಪದರವನ್ನು ಮೊದಲಿನ ಕಾಲು ಮಿಲಿಆಂಪ್ ಕರೆಂಟ್ ಒಡೆಯಲಾರದು, ಈಗಿನ 5 ಮಿಲಿಆಂಪ್ ಸುಮಾರಾಗಿ ಒಡೆಯುತ್ತದೆ. ಹಸಿರು ಕಟ್ಟಿದ ಪ್ಲಗ್ಗನ್ನು ಮಾತ್ರ ಬದಲಿಸಲೇಬೇಕು.

ವೈರು ಹೊಸದು ಹಾಕುವುದಾದರೆ ಮೈಕ್ ಸೆಟ್ಟಿನವರು ಬಳಸುವ ಎರಡು ಎಳೆಯ ಶೀಲ್ಡ್ ವೈರು ಸಾಕು. ಅದರ ಜಾಲರಿಯನ್ನು ಬೋರ್ಡಿನ ಕಡೆ ಮಾತ್ರ ಗ್ರೌಂಡಿಗೆ ಜೋಡಿಸಿ, ಇನ್ನೊಂದು ತುದಿ ಹಾಗೇ ಇರಲಿ. ಸೆನ್ಸರ್ 12 ಅಥವಾ 24 ವೋಲ್ಟಿನದಾಗಿದ್ದರೆ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಇಲ್ಲದೆ ಎ5 ಹತ್ತಿರವೂ ಒಯ್ಯಬೇಡಿ.

ನಿಮ್ಮ ಸೆನ್ಸರಿನಲ್ಲಿ ಎನ್‌ಸಿ ಸಂಪರ್ಕವೂ ಇದ್ದರೆ ಅದಕ್ಕೇ ಬದಲಾಯಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಎನ್‌ಒದಲ್ಲಿ ವೈರು ಕಡಿದರೆ ಮಷಿನ್ನಿಗೆ ಗೊತ್ತೇ ಆಗದು, ಬಿಟ್ಟು ಮುರಿದ ಮೇಲೆ ನಿಮಗೆ ಗೊತ್ತಾಗುತ್ತದೆ. ಎನ್‌ಸಿಯಲ್ಲಿ ವೈರು ಕಡಿದರೆ ಅಲಾರ್ಮ್ 4 ಬಂದು ಝಡ್ ಅಕ್ಷ ಇಳಿಯುವುದೇ ಇಲ್ಲ. ಅಲ್ಲಿಯವರೆಗೆ ಪ್ರತಿ ಅಳತೆಗೂ ಮೊದಲು ಸೆನ್ಸರನ್ನು ಬೆರಳಿನಿಂದ ಒತ್ತಿ ‘ಪಿ’ ಬರುವುದನ್ನು ನೋಡಿಕೊಳ್ಳಿ.

ಎಲ್ಲ ಆದ ಮೇಲೆ ಒಂದೇ ಬಿಟ್ಟನ್ನು ಹತ್ತು ಸಲ ಅಳೆಯಿರಿ. ಮೊದಲ ಸ್ಪರ್ಶ ಎಫ್100 (ನಿಮಿಷಕ್ಕೆ 100 ಮಿ.ಮೀ. ವೇಗ), 2 ಮಿ.ಮೀ. ಎತ್ತಿ ಎರಡನೆಯದು ಎಫ್20. ಹತ್ತರ ನಡುವಿನ ಅಂತರ 0.02 ಮಿ.ಮೀ. ಒಳಗಿದ್ದರೆ ಹವ್ಯಾಸದ ಮಷಿನ್ನಿಗೆ ಧಾರಾಳವಾಯಿತು. 0.05 ದಾಟಿದರೆ ಸೆನ್ಸರಿನ ಒತ್ತುಗುಂಡಿಯ ಸುತ್ತ ಮರದ ಪುಡಿ ಸೇರಿದೆ, ಇಲ್ಲವೇ ಸೆನ್ಸರ್ ಕೂತ ಸ್ಕ್ರೂ ಸಡಿಲಾಗಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಎಣ್ಣೆ ಬಿಡಬೇಡಿ, ಪುಡಿ ಇನ್ನಷ್ಟು ಅಂಟುತ್ತದೆ.

ಪ್ರಶ್ನೆ: ಸೆನ್ಸರಿನ ಅಳತೆ ಪ್ರತಿ ಸಲ ಒಂದೇ ಬರುತ್ತದೆ. ಆದರೂ ಕೆತ್ತನೆ ಮುಂದುವರಿದಂತೆ ಆಳ ಹೆಚ್ಚುತ್ತಾ ಹೋಗುತ್ತದೆ. ಸೆನ್ಸರ್ ದೋಷವೆ?
– ವಿಜಯಪುರದ ಓದುಗರು

ಉತ್ತರ: ಅಲ್ಲ. ಕೆಲಸ ಮುಗಿದ ಮೇಲೆ ಬಿಟ್ಟು ಬಿಚ್ಚದೆ ಮತ್ತೊಮ್ಮೆ ಅಳೆಯಿರಿ. ಉದ್ದ ಹೆಚ್ಚಾಗಿ ಕಂಡರೆ ಬಿಟ್ಟು ತನ್ನನ್ನು ಬಿಗಿದು ಹಿಡಿಯುವ ಕೊಲೆಟ್ಟಿನಿಂದ ಕೆಳಗೆ ಜಾರಿದೆ; ಪುಡಿಯನ್ನು ಮೇಲೆತ್ತುವ ಸುರುಳಿ ಬಿಟ್ಟುಗಳು ತಮ್ಮನ್ನು ತಾವೇ ಮರದೊಳಕ್ಕೆ ಎಳೆದುಕೊಳ್ಳುತ್ತವೆ. ಇಆರ್11 ಕೊಲೆಟ್ಟನ್ನು ಮೊದಲು ನಟ್ಟಿನೊಳಗೆ ‘ಟಕ್’ ಎನ್ನುವಂತೆ ಕೂರಿಸಿ, ಆಮೇಲೆ ಸ್ಪಿಂಡಲ್ಲಿಗೆ (ಬಿಟ್ಟನ್ನು ತಿರುಗಿಸುವ ದಂಡಕ್ಕೆ) ಹಾಕಬೇಕು. ಸೀಳುಗಳಲ್ಲಿ ಪುಡಿ ಇರಬಾರದು, ಬಿಟ್ಟಿನ ಕಾಂಡ ಕೊಲೆಟ್ಟಿನ ಪೂರ್ತಿ ಉದ್ದಕ್ಕೂ ಒಳಗಿರಬೇಕು. 3.175 ಮಿ.ಮೀ. ಬಿಟ್ಟಿಗೆ 3 ಮಿ.ಮೀ. ಅಥವಾ 4 ಮಿ.ಮೀ. ಕೊಲೆಟ್ ಹಾಕಿ ಬಿಗಿದವರಿಗೆಲ್ಲ ಇದೇ ಗತಿ.