ಮಕ್ಕಳ ಮುಂದೆ ಓದಲಾಗದ ಅರ್ಜಿ

ಈ ಮಳೆಗಾಲದಲ್ಲಿ ಆಪ್ತಸಲಹೆಗೆ ಅಂತ ನನ್ನ ಬಳಿ ಬಂದ ಮೂರನೇ ಶಿಕ್ಷಕಿ ಅವರು. ಮೂವರದೂ ಹೆಚ್ಚುಕಡಿಮೆ ಒಂದೇ ಕಥೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆಯೂ ಇದೆ.

ಹಾಸನ ಜಿಲ್ಲೆಯ ಮಲೆನಾಡು ಭಾಗದ ಕಿರಿಯ ಪ್ರಾಥಮಿಕ ಶಾಲೆ. 23 ಮಕ್ಕಳು, ಹೆಚ್ಚಿನವರು ಕಾಫಿ ತೋಟದ ಲೈನ್ ಮನೆಗಳಿಂದ ಬರುವವರು. ಚಿಕ್ಕ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯ ಹೆಂಚಿನ ಮಾಡು ಸೋರುತ್ತದೆ. ಎರಡು ವರ್ಷದಲ್ಲಿ ಕಂಪನಿ, ಟ್ರಸ್ಟು ಅಂತ ಅವರು ಆರು ಕಡೆ ಅರ್ಜಿ ಹಾಕಿದ್ದರು. ಎರಡು ಕಡೆ ಆಗಲ್ಲ ಅಂದರು, ಉಳಿದವರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಸೊಸೈಟಿಯಲ್ಲಿ ಸಾಲ ಎತ್ತಿ ತಾವೇ ಟಾರ್ಪಾಲು, ಮೇಜು ತಂದರು. ಸಂಬಳದ ಚೀಟಿಯಲ್ಲಿ ಕಟಾವು ನೋಡಿದ ಮೇಲೇ ಮನೆಯವರಿಗೆ ವಿಷಯ ಗೊತ್ತಾಗಿದ್ದು.

ಬಂದಾಗ ಹೇಳಿದ್ದು ನಿದ್ದೆಯ ವಿಷಯ. "ರಾತ್ರಿ ಮಳೆ ಶುರುವಾದ್ರೆ ಎದ್ದು ಕೂತುಬಿಡ್ತೀನಿ ಮೇಡಂ. ನಮ್ಮನೆ ಆರ್‌ಸಿಸಿ, ಒಂದು ಹನಿ ಬೀಳಲ್ಲ. ಆದ್ರೂ ಯಾವ ಹೆಂಚಿನ ಕೆಳಗೆ ಯಾವ ಮಗು ಕೂರುತ್ತೆ ಅಂತ ಲೆಕ್ಕ ಹಾಕ್ತಿರ್ತೀನಿ."

ಮೊದಲ ಎರಡು ಭೇಟಿ ನಿದ್ದೆ, ಮನೆಯ ಜಗಳ ಇದರಲ್ಲೇ ಹೋಯಿತು. ಮೂರನೇ ಸಲ ಅರ್ಜಿಗಳ ಫೈಲು ತರಲು ಹೇಳಿದೆ. ಬಟ್ಟೆ ಚೀಲದೊಳಗೆ, ಅದರೊಳಗೆ ಮತ್ತೊಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಒದ್ದೆಯಾಗಬಾರದಲ್ವಾ. ಕೊನೆಯ ಅರ್ಜಿಯನ್ನು ಗಟ್ಟಿಯಾಗಿ ಓದಿ ಅಂದೆ.

"ನಮ್ಮ ಶಾಲೆಯ ಬಡ, ನಿರ್ಗತಿಕ ಮಕ್ಕಳು ತಮ್ಮ ದಯೆಗಾಗಿ ಕಾಯುತ್ತಿದ್ದಾರೆ..."

ಅಲ್ಲಿಗೆ ನಿಂತರು. ಮತ್ತೆ ಶುರು ಮಾಡಿದರು, ಅದೇ ಜಾಗದಲ್ಲಿ ಮತ್ತೆ ನಿಂತರು. ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಇದನ್ನ ಮಕ್ಕಳ ಮುಂದೆ ಓದೋಕಾಗಲ್ಲ ಮೇಡಂ. ಅವರ ಅಪ್ಪ ಅಮ್ಮ ದುಡಿದು ತಿನ್ನೋರು. ನಾನು ಅವರನ್ನ ಹೀಗೆ ಬರೆದುಬಿಟ್ಟಿದ್ದೀನಿ."

ಅವರ ನಿದ್ದೆ ಕೆಡಿಸಿದ್ದು ಎಲ್ಲಿ ಅಂತ ನನಗೆ ಆಗ ಕಂಡಿತು. ಅವರು ಅರ್ಜಿ ಬರೆಯುತ್ತಿರಲಿಲ್ಲ, ಬೇಡುತ್ತಿದ್ದರು. ಅದಕ್ಕೇ ಪ್ರತಿ ಸಲ ಇಲ್ಲ ಅನ್ನಿಸಿಕೊಂಡಾಗಲೂ ಬಾಗಿಲಿಂದ ಕಳಿಸಿದ ಹಾಗಾಗುತ್ತಿತ್ತು. ಆ ಅವಮಾನ ತಡೆಯಲಾಗದೆ ಸಾಲ ಮಾಡಿದರು.

2009ರ ಶಿಕ್ಷಣ ಹಕ್ಕು ಕಾಯ್ದೆ ಎಲ್ಲ ಹವೆಗೂ ತಡೆಯುವ ಕಟ್ಟಡ ಶಾಲೆಗೆ ಇರಲೇಬೇಕು ಅನ್ನುತ್ತದೆ. ಶಾಲೆಗೆ ಏನೇನು ಬೇಕು ಅಂತ ಅಭಿವೃದ್ಧಿ ಯೋಜನೆ ಬರೆಯುವ ಕೆಲಸವನ್ನೂ ಅದು ಒಬ್ಬ ಟೀಚರಿಗೆ ಕೊಟ್ಟಿಲ್ಲ, ಪೋಷಕರೇ ಹೆಚ್ಚಿರುವ ಸಮಿತಿಗೆ ಕೊಟ್ಟಿದೆ. ನಮ್ಮಲ್ಲಿ ಅದೇ ಎಸ್‌ಡಿಎಂಸಿ. ಕಂಪನಿಗಳ ದುಡ್ಡೂ ಭಿಕ್ಷೆಯಲ್ಲ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು.

ಹಾಗಾಗಿ ನಾನು ಕೊಟ್ಟ ಸಲಹೆ ಇಷ್ಟು. ಸೋರುವ ಮಾಡಿನ ವಿಷಯವನ್ನು ದಾನಿಗಳ ಹತ್ತಿರ ಒಯ್ಯಬೇಡಿ. ಎಸ್‌ಡಿಎಂಸಿ ಸಭೆಯಲ್ಲಿ ಇಡಿ, ನಡಾವಳಿ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಪುಸ್ತಕ, ಮೇಜು, ಕಪಾಟು ಇಂಥದ್ದಕ್ಕೆ ಮಾತ್ರ ಹೊರಗೆ ಕೇಳಿ, ಅದೂ ಸಮಿತಿಯ ಹೆಸರಲ್ಲಿ. ಮಕ್ಕಳ ಮುಂದೆ ಓದಲಾಗದ ಸಾಲನ್ನು ಬರೆಯಬೇಡಿ. ಸಂಬಳದ ದುಡ್ಡು ಇನ್ನು ಶಾಲೆಗೆ ಬೇಡ, ಈ ವರ್ಷವಂತೂ ಬೇಡವೇ ಬೇಡ. ಸಾಲದ ಪೂರ್ತಿ ಲೆಕ್ಕವನ್ನು ಮನೆಯವರ ಮುಂದೆ ಇಡಿ.

ಇದು ಆಪ್ತಸಲಹೆಯಾ, ಅರ್ಜಿ ಬರೆಯೋ ಪಾಠನಾ ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕೇಳಿದರು. ಒಳ್ಳೆ ಟೀಚರ ಕೈ ಕಟ್ಟಿದಿರಿ ಅಂತಲೂ ಅಂದರು. ನಾನು ಒಪ್ಪುವುದಿಲ್ಲ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ ಇಷ್ಟು ಸಣ್ಣ ಶಾಲೆಗೆ 10 ಸಾವಿರ ರೂಪಾಯಿ. ಅದರಲ್ಲೇ ಸೀಮೆಸುಣ್ಣದಿಂದ ಕರೆಂಟಿನವರೆಗೆ ಎಲ್ಲ ಆಗಬೇಕು. ಕಡಿಮೆ ಬಿದ್ದದ್ದನ್ನೆಲ್ಲ ಒಬ್ಬ ಹೆಂಗಸು ತನ್ನ ಸಂಬಳದಿಂದ, ತನ್ನ ನಿದ್ದೆಯಿಂದ ತುಂಬುತ್ತಿದ್ದಾಳೆ. ಅವಳಿಗೆ ದೀರ್ಘವಾಗಿ ಉಸಿರೆಳೆದುಕೊಳ್ಳಿ ಅಂತ ಹೇಳಿ ಕಳಿಸುವುದು ನನ್ನಿಂದಾಗಲ್ಲ.

ಆರು ವಾರ ಬಿಟ್ಟು ಬಂದರು. ಸಾಲದ ಕಂತು ಇನ್ನೂ ಕಟಾವಾಗುತ್ತಿದೆ. ಮಾಡಿನ ರಿಪೇರಿ ಆಗಿಲ್ಲ, ಪಂಚಾಯಿತಿಯವರು ಬಂದು ನೋಡಿಕೊಂಡು ಹೋಗಿದ್ದಾರೆ. ಮಳೆ ಬಂದರೆ ಈಗಲೂ ಎಚ್ಚರವಾಗುತ್ತದಂತೆ, ಆದರೆ ಎದ್ದು ಕೂರುವುದಿಲ್ಲ. ಸಮಿತಿಗೆ ಕೊಡುವ ಪತ್ರವನ್ನು ಮೊದಲು ತರಗತಿಯಲ್ಲೇ ಓದಿದರಂತೆ: "ನಮ್ಮ ಕೋಣೆಯ ಬಲಮೂಲೆಯಲ್ಲಿ 11 ಹೆಂಚು ಒಡೆದಿವೆ." ಎರಡನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಮೇಲೆ ನೋಡಿ ಎಣಿಸಿದನಂತೆ. "ಹನ್ನೊಂದಲ್ಲ ಮಿಸ್, ಹನ್ನೆರಡು." ತಿದ್ದಿ, 12 ಅಂತ ಬರೆದು ಕೊಟ್ಟಿದ್ದಾರೆ.