ಮೊದಲ ಮಾನಿಟರ್ ಹಲ್ಲಿಯಾಗಿ ಸವನ್ನಾ ತರಲೇ, ಆ್ಯಕಿ ತರಲೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಡಲ್ಲಾಸ್‌ನಲ್ಲಿ ಎರಡನೇ ಮಹಡಿಯ ಅಪಾರ್ಟ್‌ಮೆಂಟ್, ಲೆಪರ್ಡ್ ಗೆಕ್ಕೊ ಎಂಬ ಪುಟ್ಟ ಹಲ್ಲಿ ಸಾಕಿ ಕೈ ಪಳಗಿದೆ, ಈಗ ಮಾನಿಟರ್ ಬೇಕು. ಸರೀಸೃಪ ಮಾರುವ ಎಕ್ಸ್‌ಪೋದಲ್ಲಿ ಸವನ್ನಾ ಮರಿ 50 ಡಾಲರಿನೊಳಗೆ ಸಿಗುತ್ತಿದೆ, ಆ್ಯಕಿ ಮರಿಗೆ ನೂರಾರು ಡಾಲರ್ ಕೇಳುತ್ತಿದ್ದಾರೆ. ಎರಡೂ ನಮ್ಮ ಉಡದ ಬಳಗದವೇ ಅಲ್ಲವೇ, ಅಗ್ಗದ್ದನ್ನೇ ಯಾಕೆ ತರಬಾರದು?

ತರುವುದಾದರೆ ಆ್ಯಕಿ ತನ್ನಿ. ಅದಕ್ಕೆ ಈಗ ದುಡ್ಡಿಲ್ಲ ಅಂದರೆ ಸದ್ಯಕ್ಕೆ ಏನೂ ಬೇಡ, ಗೆಕ್ಕೊ ಜೊತೆಗೇ ಹಾಯಾಗಿರಿ. ನಾನೂ ಟೆಕ್ಸಾಸಿನವನೇ, ನನ್ನ ಮನೆಯಲ್ಲಿರುವುದೂ ಆ್ಯಕಿಯೇ. ಹಾಗಾಗಿ ಪಕ್ಷಪಾತ ಇದೆ ಅಂದುಕೊಂಡೇ ಓದಿ.

ಬೆಲೆಯ ವಿಷಯ ಮೊದಲು. ಸವನ್ನಾ ಪಶ್ಚಿಮ ಆಫ್ರಿಕಾದ್ದು. ಘಾನಾ, ಟೋಗೊ, ಬೆನಿನ್ ಕಡೆಯಿಂದ ಬರುತ್ತದೆ. ಮೊಟ್ಟೆ ತುಂಬಿದ ಹೆಣ್ಣು ಹಲ್ಲಿಗಳನ್ನು ಹಿಡಿದು, ಇಲ್ಲವೇ ಗೂಡಿನ ಮೊಟ್ಟೆಗಳನ್ನು ಅಗೆದು ತಂದು, ಮರಿ ಹೊರಬಂದ ಮೇಲೆ ಪೆಟ್ಟಿಗೆಗಟ್ಟಲೆ ವಿಮಾನಕ್ಕೆ ಹಾಕುತ್ತಾರೆ. ಎಕ್ಸ್‌ಪೋದ ಚೀಟಿಯಲ್ಲಿ 'ಕ್ಯಾಪ್ಟಿವ್ ಹ್ಯಾಚ್ಡ್', 'ಫಾರ್ಮ್ಡ್' ಅಂತ ಬರೆದಿದ್ದರೆ ಸಾಮಾನ್ಯವಾಗಿ ಇದೇ ಕಥೆ. 'ಕ್ಯಾಪ್ಟಿವ್ ಬ್ರೆಡ್' ಅಂದರೆ ಮಾತ್ರ ಅಪ್ಪ ಅಮ್ಮ ಇಬ್ಬರೂ ಸಾಕಿದ ಪ್ರಾಣಿಗಳು. ಸವನ್ನಾದಲ್ಲಿ ಅಂಥದ್ದು ಅಪರೂಪ. ಇಲ್ಲಿ ಒಬ್ಬ ಬ್ರೀಡರ್ ದೀಪ, ಮಣ್ಣು, ಹುಳು ಎಲ್ಲಕ್ಕೂ ಖರ್ಚು ಮಾಡಿ ಮರಿ ಮಾಡಿಸಿದರೆ 50 ಡಾಲರಿಗೆ ಮಾರಿ ಬದುಕುವುದು ಹೇಗೆ? ದೂರದಿಂದ ಬಂದ ಮರಿಗಳಲ್ಲಿ ನೀರು ಬತ್ತಿರುತ್ತದೆ, ಹೊಟ್ಟೆಯಲ್ಲಿ ಜಂತು ಇರುವುದೂ ಸಾಮಾನ್ಯ. ಒಂದು ಸಲ ವೆಟ್ (ಪಶುವೈದ್ಯರು) ಹತ್ತಿರ ಹೋಗಿ ಬಂದರೆ ಅಗ್ಗ ಅನ್ನುವುದು ಮುಗಿಯಿತು.

ಆ್ಯಕಿ ಉತ್ತರ ಆಸ್ಟ್ರೇಲಿಯಾದ ಒಣ, ಕಲ್ಲುಬಂಡೆಗಳ ಸೀಮೆಯದು, ಬಾಲದ ತುಂಬ ಮುಳ್ಳು. ಆಸ್ಟ್ರೇಲಿಯಾ ತನ್ನ ಸರೀಸೃಪಗಳನ್ನು ವ್ಯಾಪಾರಕ್ಕಾಗಿ ಹೊರಗೆ ಬಿಡುವುದಿಲ್ಲ. ಆದ್ದರಿಂದ ಇಲ್ಲಿ ನೀವು ನೋಡುವ ಆ್ಯಕಿಗಳು ತಲೆಮಾರುಗಳಿಂದ ಸಾಕಿದವರ ಮನೆಯಲ್ಲೇ ಹುಟ್ಟಿದವು. ದುಬಾರಿಯಾಗಿರುವುದು ಅದಕ್ಕೇ. ಆ ದುಡ್ಡು ಕೊಡಲು ಯೋಗ್ಯವಾಗಿರುವುದೂ ಅದಕ್ಕೇ.

ಇನ್ನು ಜಾಗ. ಇದನ್ನು ಹೆಚ್ಚಿನವರು ಲೆಕ್ಕ ಹಾಕುವುದೇ ಇಲ್ಲ. ಆ್ಯಕಿ ಬಾಲ ಸೇರಿ ಎರಡು ಅಡಿ ಆಸುಪಾಸಿಗೆ ನಿಲ್ಲುತ್ತದೆ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗೂಡು ಕನಿಷ್ಠ. ಇನ್ನೂ ದೊಡ್ಡದಾದರೆ ಒಳ್ಳೆಯದು. ಸವನ್ನಾ ಅಂಗೈಯಗಲದ ಮರಿಯಾಗಿ ಬಂದು ಮೂರು ಅಡಿಯ ಗಟ್ಟಿ ಆಸಾಮಿಯಾಗುತ್ತದೆ. ಬೆಳೆದದ್ದಕ್ಕೆ 8 ಅಡಿ ಉದ್ದ, 4 ಅಡಿ ಅಗಲ ಬೇಕು. ಎರಡೂ ಬಿಲ ತೋಡುವ ಪ್ರಾಣಿಗಳು, ಹಾಗಾಗಿ ತಳದಲ್ಲಿ ಹಸಿ ಮಣ್ಣು ತುಂಬಿಸಲೇಬೇಕು. ಆ್ಯಕಿಗೆ ಒಂದು ಅಡಿ, ಸವನ್ನಾಗೆ ಎರಡು. ಈಗ ತೂಕ ನೋಡಿ: ಆ್ಯಕಿ ಗೂಡಿನ ಮಣ್ಣೇ ಸುಮಾರು 300 ಕಿಲೋ. ಸವನ್ನಾ ಗೂಡಿನದು ಎರಡು ಟನ್ನಿಗೂ ಮೇಲೆ. ಎರಡನೇ ಮಹಡಿ ಅಂದಿರಿ! ಆ್ಯಕಿ ಗೂಡನ್ನೇ ಗೋಡೆ ಬದಿಗೆ, ಭಾರ ಹೊರುವ ಕಡೆ ನೋಡಿ ಇಡಬೇಕು. ಸವನ್ನಾ ಗೂಡಂತೂ ಆ ಮನೆಯಲ್ಲಿ ಮಾತಾಡುವ ವಿಷಯವೇ ಅಲ್ಲ.

ಮಣ್ಣಿಗೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ಈ ಹಲ್ಲಿಗಳಿಗೆ ಉರಿ ಶಾಖವೂ ಬೇಕು, ತೇವವೂ ಬೇಕು. ಬಿಸಿಲು ಕಾಯಿಸುವ ಕಲ್ಲಿನ ಮೇಲ್ಮೈ 55ರಿಂದ 65 ಡಿಗ್ರಿ ಸೆಲ್ಸಿಯಸ್, ಅಂದರೆ ಇಲ್ಲಿನ ಲೆಕ್ಕದಲ್ಲಿ 130ರಿಂದ 150 ಫ್ಯಾರನ್‌ಹೀಟ್. ತಂಪಿನ ತುದಿ 25ರ ಆಚೀಚೆ. ಮೈ ಕಾಯಿಸಿಕೊಂಡು ಬಿಲಕ್ಕೆ ಇಳಿದರೆ ಅಲ್ಲಿ ತೇವ ಸಿಗಬೇಕು. ಮೇಲೆ ಜಾಲರಿಯಿರುವ ಗಾಜಿನ ತೊಟ್ಟಿಯಲ್ಲಿ, ತೆಳ್ಳಗೆ ಒಣ ಮರದ ಚೂರು ಹಾಸಿ, ಮೇಲೆ ದೊಡ್ಡ ಬಲ್ಬ್ ಉರಿಸಿದರೆ ಪ್ರಾಣಿ ನಿಧಾನವಾಗಿ ಒಣಗುತ್ತದೆ. ಮೂತ್ರಪಿಂಡ ಹಾಳಾಗಿ, ಗೌಟ್ (ಯೂರಿಕ್ ಆಮ್ಲ ಮೈಯೊಳಗೆ ಗಟ್ಟಿಯಾಗಿ ಕೂರುವ ಕಾಯಿಲೆ) ಆಗಿ ಸಾಯುತ್ತದೆ. ನಿಮ್ಮ ಗೆಕ್ಕೊದ ಹೀಟ್ ಮ್ಯಾಟ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಂದು ಭಾರಿ ಬಲ್ಬಿನ ಬದಲು ಎರಡು ಮೂರು ಹ್ಯಾಲೊಜೆನ್ ಫ್ಲಡ್ ಬಲ್ಬುಗಳನ್ನು ಒತ್ತೊತ್ತಾಗಿ ಹಾಕಿ, ಆಗ ಶಾಖ ಮೈತುಂಬ ಬೀಳುತ್ತದೆ. ಒಂದು ಟಿ5 ಯುವಿಬಿ ಟ್ಯೂಬ್ (ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ದೀಪ) ಮತ್ತು ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಟೆಂಪರೇಚರ್ ಗನ್ ಕೊಳ್ಳಿ. ಗೋಡೆಗೆ ಅಂಟಿಸುವ ದುಂಡು ಡಯಲ್‌ಗಳನ್ನು ನಾನು ನಂಬುವುದಿಲ್ಲ.

ಊಟ: ಕ್ರಿಕೆಟ್ ಹುಳು, ಡುಬಿಯಾ ಜಿರಳೆ, ಮೇಲೆ ಕ್ಯಾಲ್ಸಿಯಂ ಪುಡಿ. ಮರಿಗೆ ದಿನಾ, ದೊಡ್ಡದಕ್ಕೆ ವಾರಕ್ಕೆ ಮೂರು ನಾಲ್ಕು ಸಲ. ಸವನ್ನಾ ಕಾಡಿನಲ್ಲೂ ಮುಖ್ಯವಾಗಿ ಹುಳು, ಬಸವನಹುಳು, ಚೇಳು ತಿನ್ನುವುದು. ಇಲ್ಲಿನವರು ಇಲಿಯ ಮೇಲೆ ಇಲಿ ಕೊಟ್ಟು, ಅದು ಉರುಳಾಡುವಷ್ಟು ದಪ್ಪಗಾದಾಗ 'ಎಷ್ಟು ಸಾಧು ನೋಡಿ' ಅಂತ ಫೋಟೊ ಹಾಕುತ್ತಾರೆ. ಅದು ಸಾಧುತನವಲ್ಲ, ಕೊಬ್ಬು ತುಂಬಿದ ಪಿತ್ತಜನಕಾಂಗ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಜಿರಳೆ ಡಬ್ಬಿಯ ವಿಷಯ ಮೊದಲೇ ಬಾಯಿಬಿಡಿ, ಊರಿನಿಂದ ಅತ್ತೆ ಬಂದ ದಿನ ಅಲ್ಲ. ಹಣ್ಣು ತಿನ್ನುವ ಮಾನಿಟರ್‌ಗಳೂ ಇವೆ, ಫಿಲಿಪೀನ್ಸ್‌ನಲ್ಲಿ ಮೂರು ಜಾತಿ. ಅವು ನಮ್ಮ ನಿಮ್ಮ ಕೈಗೆಟುಕುವಂಥವಲ್ಲ.

ನೈಲ್ ಮಾನಿಟರ್ ಮತ್ತು ಏಷ್ಯನ್ ವಾಟರ್ ಮಾನಿಟರ್ ಬಗ್ಗೆ ನೀವು ಕೇಳಲಿಲ್ಲ, ಆದರೆ ಎಕ್ಸ್‌ಪೋದಲ್ಲಿ ಯಾರಾದರೂ ತೋರಿಸಿಯೇ ತೋರಿಸುತ್ತಾರೆ. ಎರಡೂ ಎರಡು ಮೀಟರ್ ಮುಟ್ಟಬಲ್ಲವು, ಅವುಗಳಿಗೆ ಒಂದು ಕೋಣೆಯೇ ಬೇಕು. ಫ್ಲಾರಿಡಾದ ಕೇಪ್ ಕೋರಲ್‌ನಲ್ಲಿ ನೈಲ್ ಮಾನಿಟರ್‌ಗಳು ಕಾಲುವೆಗಳಲ್ಲಿ ಸಂಸಾರ ಹೂಡಿ ದಶಕಗಳೇ ಆದವು. 2021ರಲ್ಲಿ ಆ ರಾಜ್ಯ ಅವನ್ನು ನಿಷೇಧಿತ ಪಟ್ಟಿಗೆ ಸೇರಿಸಿತು. ಟೆಕ್ಸಾಸ್‌ನಲ್ಲೂ ನಿಮ್ಮ ಊರಿನ ನಿಯಮ, ಅದಕ್ಕಿಂತ ಮೊದಲು ನಿಮ್ಮ ಲೀಸ್ (ಮನೆ ಬಾಡಿಗೆ ಕರಾರು), ಓದಿ ನೋಡಿ.

ಇನ್ನೊಂದು, ನಮ್ಮಂಥವರಿಗೇ ಇರುವ ತಲೆನೋವು. ಆ್ಯಕಿ 15 ವರ್ಷ, ಅದಕ್ಕೂ ಹೆಚ್ಚು ಬದುಕುತ್ತದೆ. ನಿಮ್ಮ ಎಚ್‌-1ಬಿ ಕೆಲಸದ ವೀಸಾ ಅಷ್ಟು ದಿನ ಬಾಳುತ್ತದೆಯೇ? ಬೆಂಗಳೂರಿಗೆ ಹೊರಡಬೇಕಾದರೆ ಅದನ್ನು ಸೂಟ್‌ಕೇಸಿನ ಜೊತೆ ಒಯ್ಯುವ ಹಾಗಿಲ್ಲ. ಮಾನಿಟರ್‌ಗಳೆಲ್ಲ ಸೈಟಿಸ್ (ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ; ಅದರ ಪರವಾನಗಿ, ಭಾರತದ ಆಮದು ಅನುಮತಿ, ಆಮೇಲೆ ಮುಖ್ಯ ವನ್ಯಜೀವಿ ವಾರ್ಡನ್ ಹತ್ತಿರ ನೋಂದಣಿ. ಆದ್ದರಿಂದ ಅದನ್ನು ನೋಡಿಕೊಳ್ಳಬಲ್ಲ ಒಬ್ಬ ಸಾಕಣೆಯವರ ಗುರುತು ಈಗಲೇ ಮಾಡಿಕೊಂಡಿರಿ. ಇದನ್ನು ಊರಿನಲ್ಲಿ ಕೂತು ಓದುತ್ತಿರುವವರಿಗೂ ಒಂದು ಮಾತು: ನಮ್ಮ ಹೊಲದ ಉಡ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಹಿಡಿದು ಸಾಕಿದರೆ ಮೂರರಿಂದ ಏಳು ವರ್ಷ ಜೈಲು.

ಮರಿ ಆರಿಸುವಾಗ ಕಣ್ಣು ಗುಳಿಬಿದ್ದಿರಬಾರದು, ಸೊಂಟದ ಮೂಳೆ ಎದ್ದು ಕಾಣಬಾರದು, ಬಾಲದ ಬುಡ ತುಂಬಿಕೊಂಡಿರಬೇಕು. ಬೆರಳು ಎಲ್ಲ ಇವೆಯೇ ನೋಡಿ. ಪೊರೆ ಸರಿಯಾಗಿ ಬಿಡದೆ ತುದಿಗಳು ಉದುರಿಹೋಗಿರುತ್ತವೆ. ಬಾಲ ತುಂಡಾಗಿದ್ದರೆ ಅಷ್ಟೇ, ನಿಮ್ಮ ಗೆಕ್ಕೊದ ಹಾಗೆ ಮತ್ತೆ ಬೆಳೆಯುವುದಿಲ್ಲ. ಎದುರಿಗೇ ಒಂದು ಹುಳು ತಿನ್ನಿಸಿ ತೋರಿಸಿ ಅನ್ನಿ. ನಾಲಗೆ ಚಾಚಿ ನಿಮ್ಮನ್ನು ಪರೀಕ್ಷಿಸುತ್ತಾ ಓಡಲು ನೋಡುವ ಮರಿ ಒಳ್ಳೆಯದು. ಕೈಯಲ್ಲಿ ಸುಮ್ಮನೆ ಬಿದ್ದಿರುವ ಮರಿ ಪಳಗಿದ್ದಲ್ಲ, ಬಹುಶಃ ಕಾಯಿಲೆಯದು.

ಮರಿಯಲ್ಲಿ ಗಂಡೋ ಹೆಣ್ಣೋ ಹೇಳುವುದು ಕಷ್ಟ, ಮಾರುವವರ ಮಾತನ್ನು ಪೂರ್ತಿ ನಂಬಬೇಡಿ. ಹೆಣ್ಣಾಗಿದ್ದರೆ ಗಂಡಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಇಡಲು ಆಳದ ಹಸಿ ಮಣ್ಣು ಸಿಗದಿದ್ದರೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೆ ಬರುತ್ತದೆ, ಆ ಒಂದು ಅಡಿ ಮಣ್ಣಿನಲ್ಲಿ ಜಿಪುಣತನ ಬೇಡ. ಸರೀಸೃಪಗಳನ್ನು ನೋಡುವ ವೆಟ್ ಎಲ್ಲ ಕಡೆ ಇರುವುದಿಲ್ಲ. ಸರೀಸೃಪ ಮತ್ತು ಉಭಯವಾಸಿಗಳ ಪಶುವೈದ್ಯರ ಸಂಘ ಎಆರ್‌ಎವಿ ತನ್ನ ಜಾಲತಾಣದಲ್ಲಿ ಹುಡುಕುವ ಸೌಲಭ್ಯ ಕೊಟ್ಟಿದೆ. ಹತ್ತಿರದವರು ಯಾರು ಅಂತ ನೋಡಿಟ್ಟುಕೊಳ್ಳಿ. ಗೂಡು ಕಟ್ಟಿ, ದೀಪ ಹಾಕಿ, ಒಂದೆರಡು ವಾರ ಖಾಲಿ ಓಡಿಸಿ ಶಾಖ ನಿಂತಿದೆಯೋ ಅಂತ ಟೆಂಪರೇಚರ್ ಗನ್ ಹಿಡಿದು ನೋಡಿದ ಮೇಲೆ ಬ್ರೀಡರ್‌ಗೆ ಮುಂಗಡ ಕೊಡಿ.