ನಾಲ್ಕು ವಾರದ ಸೆಲ್ಟಾಕ್ಕೆ ಮೊದಲು

ಪ್ರಶ್ನೆ: ಮುಂದಿನ ತಿಂಗಳು ಪೂರ್ಣಾವಧಿ ಸೆಲ್ಟಾ (ಇಂಗ್ಲಿಷ್ ಕಲಿಸುವ ಶಿಕ್ಷಕರಾಗಲು ಬೇಕಾದ ಕೋರ್ಸ್) ತರಬೇತಿಗೆ ಸೇರುತ್ತಿದ್ದೇನೆ. ಈಗಲೇ ಏನು ತಯಾರಿ ಮಾಡಿಕೊಳ್ಳಲಿ?

ಉತ್ತರ: ವ್ಯಾಕರಣ. ಇಂಗ್ಲಿಷ್ ಸಲೀಸಾಗಿ ಬರುವವರೇ ಇಲ್ಲಿ ಎಡವುವುದು. ‘ಹಿ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’, ‘ಹಿ ಹ್ಯಾಸ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’: ವ್ಯತ್ಯಾಸ ಕಿವಿಗೆ ಗೊತ್ತು, ವಿವರಿಸಲು ಹೋದರೆ ತಡವರಿಕೆ. ದಿನಕ್ಕೊಂದು ಕಾಲರೂಪ ಹಿಡಿದು ಅರ್ಥ, ರಚನೆ, ಉಚ್ಚಾರಣೆ ಬರೆದಿಡಿ. ಜತೆಗೆ ವಿದ್ಯಾರ್ಥಿಗಳಿಗೆ ಅರ್ಥವಾಗಿದೆಯೇ ಎಂದು ಪರೀಕ್ಷಿಸಲು ‘ಅವನು ಈಗಲೂ ಇಲ್ಲೇ ಇದ್ದಾನಾ?’ ಎಂಬಂಥ ಪ್ರಶ್ನೆಯೊಂದನ್ನು ಸರಳ ಇಂಗ್ಲಿಷಿನಲ್ಲಿ ಹೊಸೆಯಿರಿ. ಬರೀ ‘ಅರ್ಥವಾಯಿತಾ?’ ಎಂದರೆ ತರಗತಿ ತಲೆಯಾಡಿಸುತ್ತದೆ, ಅಷ್ಟೇ.

ಧ್ವನಿಲಿಪಿ, ಅಂದರೆ ಉಚ್ಚಾರಣೆ ತೋರಿಸುವ ಚಿಹ್ನೆಗಳು, ಓದಲು ಬಂದರೆ ಸಾಕು. ಕೋರ್ಸಿನಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ, 4 ಲಿಖಿತ ಅಸೈನ್‌ಮೆಂಟ್ ಇರುತ್ತವೆ. ಸಂಜೆಗಳು ಪಾಠಯೋಜನೆಗೇ ಹೋಗುತ್ತವೆ. ಆ ವಾರಗಳಲ್ಲಿ ಬೇರೆ ಕೆಲಸ ಒಪ್ಪಿಕೊಳ್ಳಬೇಡಿ.